ಸಹಾಯ ಬೇಕು: ಬಿ-2 (ಪ್ರವಾಸಿ ವೀಸಾ) ಅರ್ಜಿ ಬಾಕಿ ಇರುವಾಗ ಎಚ್-1ಬಿ (ಕೆಲಸದ ವೀಸಾ) ಹಾಕಿದ್ರೆ ಐ-94 (ಅಮೆರಿಕದಲ್ಲಿ ಎಲ್ಲಿವರೆಗೆ ಇರಬಹುದು ಅನ್ನೋ ದಾಖಲೆ) ಸಿಗುತ್ತಾ?

ನಮಸ್ಕಾರ. ಅಮೆರಿಕದಲ್ಲಿರೋ ತಮ್ಮನ ಪರವಾಗಿ ಕೇಳ್ತಿದ್ದೀನಿ. ಲೇಆಫ್‌ನಲ್ಲಿ ಎಚ್-1ಬಿ ಕೆಲಸ ಹೋಯ್ತು. ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕಿದ್ದ ಐ-140 ಅರ್ಜಿ ಮಂಜೂರಾಗಿ 180 ದಿನ ದಾಟಿದೆ, ಹಳೇ ಕಂಪನಿ ವಾಪಸ್ ತಗೊಂಡ್ರೂ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯ ದಿನಾಂಕ) ಹೋಗಲ್ಲ. ಆ ಚಿಂತೆ ಇಲ್ಲ.

ಕಾಡ್ತಿರೋದು ಬೇರೆ. ಸಂಬಳದ ಕೊನೇ ದಿನದ ಮರುದಿನದಿಂದ ಲೆಕ್ಕ ಹಾಕೋ 60 ದಿನದ ಗ್ರೇಸ್ ಪೀರಿಯಡ್ (ಕೆಲಸ ಹೋದ ಮೇಲೂ ಅಲ್ಲಿರೋಕೆ ಸಿಗೋ ಕಾಲಾವಕಾಶ) ಒಳಗೇ ಐ-539 ಅನ್ನೋ ಸ್ಟೇಟಸ್ ಬದಲಾವಣೆ ಅರ್ಜಿ ಹಾಕಿ ಬಿ-2ಗೆ ಬದಲಾವಣೆ ಕೇಳಿದ್ದಾನೆ. ರಸೀದಿ ಬಂದಿದೆ, ತೀರ್ಮಾನ ಬಂದಿಲ್ಲ. ಪ್ರೀಮಿಯಂ (ಹೆಚ್ಚು ಶುಲ್ಕ ಕಟ್ಟಿ ಬೇಗ ತೀರ್ಮಾನ) ಮಾಡ್ಸೋಣ ಅಂದ್ರೆ ಐ-539ರಲ್ಲಿ ಅದು ವಿದ್ಯಾರ್ಥಿ, ಎಕ್ಸ್‌ಚೇಂಜ್ ವೀಸಾಗಳಾದ ಎಫ್, ಎಂ, ಜೆಗೆ ಮಾತ್ರ, ಬಿ-2ಗೆ ಇಲ್ಲ. ಈಗ 60 ದಿನ ಮುಗಿದ ಮೇಲೆ ಹೊಸ ಕಂಪನಿ ಪ್ರೀಮಿಯಂನಲ್ಲಿ ಐ-129 (ಎಚ್-1ಬಿ ಪಿಟಿಷನ್) ಹಾಕ್ತೀವಿ ಅಂತಿದೆ. ಗಡುವು ಮೀರಿರೋದ್ರಿಂದ ಬರೀ ರಸೀದಿ ಮೇಲೆ ಕೆಲಸ ಶುರು ಮಾಡೋ ಹಾಗಿಲ್ಲ, ಸ್ಟೇಟಸ್ ಬದಲಾವಣೆ ಮಂಜೂರಾಗಲೇಬೇಕು. ಪಿಟಿಷನ್ ಮಾತ್ರ ಪಾಸಾಗಿ ಐ-94 ಬರದಿದ್ರೆ ಊರಿಗೆ ಬಂದು ಅಮೆರಿಕದ ಕಾನ್ಸುಲೇಟ್‌ನಲ್ಲಿ ವೀಸಾ ಸ್ಟಾಂಪಿಂಗ್ ಮಾಡಿಸ್ಬೇಕು. ಮಕ್ಕಳ ಶಾಲೆ ನಡುವೆ ಇದು ನಿಜಕ್ಕೂ ದೊಡ್ಡ ಕಷ್ಟ. ಕಂಪನಿ ವಕೀಲರು ಎರಡೂ ಆಗಬಹುದು ಅಂತಾರೆ ಅಷ್ಟೇ.

ಇದೇ ಸ್ಥಿತಿಯಲ್ಲಿ, ಬಿ-2 ಇನ್ನೂ ಬಾಕಿ ಇರುವಾಗಲೇ ಯಾರಿಗಾದ್ರೂ ಐ-94 ಸಮೇತ ಎಚ್-1ಬಿ ಮಂಜೂರಾಗಿದ್ಯಾ? ಅಥವಾ ಐ-129ರಲ್ಲಿ ಮೊದಲೇ ಕಾನ್ಸುಲೇಟ್ ಆಯ್ಕೆ ಮಾಡಿ ಹೊರಟುಬಿಡೋದೇ ಸರಿಯಾ?