ಸನ್‌ಏಂಜಲ್ ಅಂದ್ರೆ ನಮ್ಮ ಸೂರಕ್ಕೀನಾ?

ಗಂಗಾವತಿ_ಅಪ್ಪ: ಮಗಳು ಡ್ರಾಯಿಂಗ್ ಬುಕ್ಕಿನಲ್ಲಿ ಸನ್‌ಏಂಜಲ್ ಅನ್ನೋ ಹಕ್ಕಿ ಬಿಡಿಸಿ, ಕೆಳಗೆ 'ಸೂರ್ಯನ ದೇವದೂತ' ಅಂತ ಬರೆದಿದ್ದಾಳೆ. ಹಿತ್ತಲ ದಾಳಿಂಬೆ ಹೂವಿಗೆ ಬರೋದು ಇದೇ ಅಂತ ಅವಳ ಹಟ. ನಮ್ಮದು ಬಟ್ಟೆ ಒಣಹಾಕುವ ತಂತಿಗೇ ಚೀಲದಂಥ ಗೂಡು ನೇತುಹಾಕಿದೆ, ಆ ಕಡೆ ಒಂದು ಟವೆಲ್ ಹಾಕೋಕೂ ಮನೆಯಲ್ಲಿ ಬಿಡ್ತಿಲ್ಲ! ಎರಡೂ ಒಂದೇನಾ?

ರಾಯಚೂರು_ಬಿಸಿಲು: ಅಲ್ಲ ರೀ. ನಿಮ್ಮದು ಸೂರಕ್ಕಿ. ಸನ್‌ಏಂಜಲ್ ಹಮ್ಮಿಂಗ್‌ಬರ್ಡ್ ಜಾತಿ, ಹಮ್ಮಿಂಗ್‌ಬರ್ಡ್‌ಗಳು ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಅದರಲ್ಲಿ ಸನ್‌ಏಂಜಲ್‌ಗಳು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳವು, ವೆನೆಜುವೆಲಾದಿಂದ ಬೊಲಿವಿಯಾದವರೆಗೆ ಸಿಗುತ್ತವೆ. ಮಗಳ ಅನುವಾದ ಮಾತ್ರ ಸರಿ ಇದೆ. ವೈಜ್ಞಾನಿಕ ಹೆಸರು ಹೀಲಿಯಾಂಜೆಲಸ್, ಗ್ರೀಕಿನಲ್ಲಿ ಹೀಲಿಯೋಸ್ ಅಂದ್ರೆ ಸೂರ್ಯ. ತಮಾಷೆ ಏನಂದ್ರೆ ಹೆಸರಲ್ಲಿ ಸೂರ್ಯ ಇದ್ರೂ ಇವು ಇರೋದು ಮಂಜು ಕವಿದ ತಣ್ಣನೆ ಕಾಡಿನಲ್ಲಿ. ನಮ್ಮೂರಿಗೆ ಬಂದ್ರೆ ಮೇ ತಿಂಗಳಲ್ಲಿ ಒಂದು ದಿನ ತಡೆಯಲ್ಲ ಬಿಡಿ.

ಗಂಗಾವತಿ_ಅಪ್ಪ: ಹಾಗಾದ್ರೆ ಸೂರ್ಯ ಅಂತ ಯಾಕೆ?

ಬಳ್ಳಾರಿ_ಕ್ಯಾಮೆರಾ: ಕೊರಳು ನೋಡಿ ಇಟ್ಟಿರಬೇಕು ಅನ್ಸುತ್ತೆ. ಗಂಡಿಗೆ ಗಂಟಲ ಮೇಲೆ ಒಂದು ಮಚ್ಚೆ, ಒಂದೊಂದು ಜಾತಿಗೆ ಒಂದೊಂದು ಬಣ್ಣ: ನೇರಳೆ, ಗುಲಾಬಿ, ಕಿತ್ತಳೆ. ನೆರಳಲ್ಲಿ ಬರೀ ಕಪ್ಪು ಕಾಣುತ್ತೆ, ಬಿಸಿಲು ಸರಿಯಾದ ಕೋನದಲ್ಲಿ ಬಿದ್ದಾಗ ಪಟ್ ಅಂತ ಹೊತ್ತಿಕೊಳ್ಳುತ್ತೆ. ಅದು ಬಳಿದ ಬಣ್ಣ ಅಲ್ಲ, ಪುಕ್ಕದ ಒಳಗಿನ ಸಣ್ಣ ಸಣ್ಣ ಪದರಗಳಿಂದ ಬೆಳಕು ಚಿಮ್ಮೋದು, ಸೋಪಿನ ಗುಳ್ಳೆಯ ಮೇಲೆ ಬಣ್ಣ ಓಡುತ್ತಲ್ಲ ಹಾಗೆ. ನಿಮ್ಮ ತಂತಿ ಮೇಲಿನ ಗಂಡನ್ನೂ ನೋಡಿ, ಅದೇ ಆಟ. ನಾನು ಒಂದು ಬೆಳಿಗ್ಗೆ ಪೂರ್ತಿ ಸೂರಕ್ಕಿಯ ಫೋಟೋ ತೆಗೆದೆ, ನಲವತ್ತರಲ್ಲಿ ಎರಡರಲ್ಲಿ ಮಾತ್ರ ಕೊರಳು ಮಿಂಚಿದೆ, ಉಳಿದದ್ದೆಲ್ಲಾ ಕಾಗೆ ಮರಿ!

ರಾಯಚೂರು_ಬಿಸಿಲು: ಇನ್ನೊಂದು ಗುರುತು, ಸೂರಕ್ಕಿ ಹೆಚ್ಚಾಗಿ ಕೊಂಬೆ ಹಿಡಿದು ಕೂತೇ ಮಕರಂದ ಹೀರುತ್ತೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಲ್ಲುತ್ತೆ, ಹಿಂದಕ್ಕೂ ಹಾರುತ್ತೆ.

ಕೊಪ್ಪಳ_ಟೀಚರ್: ದೇವದೂತ ಅಂದ್ರೆ ಸ್ವಲ್ಪ ಕ್ಯಾಲೆಂಡರ್ ಚಿತ್ರದ ಹಾಗೆ ಆಗುತ್ತೆ. ಬಿಸಿಲ್ಗೊರಳು ಅಂದ್ರೆ ಹೇಗೆ?

ಗಂಗಾವತಿ_ಅಪ್ಪ: ಕೇಳಿದೆ ಮೇಡಂ. ಬಿಸಿಲ್ಗೊರಳು ತಂತಿ ಮೇಲಿನದಕ್ಕೆ ಇಡ್ತಾಳಂತೆ, ದೇವದೂತ ಬದಲಾಯಿಸಲ್ವಂತೆ. ಟವೆಲ್ ಇನ್ನೂ ಕುರ್ಚಿ ಮೇಲೇ ಇದೆ.