2011ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರಿಗೆ ಹಿಂದಿನ ಕಂಟ್ರೋಲ್ ಆರ್ಮ್ ಯಾವುದು ಒಳ್ಳೆಯದು?

ಪ್ರಶ್ನೆ:
ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಒಂದೂವರೆ ಇಂಚು ಇಳಿಸಿದ್ದೇನೆ. ಈಗ ಜೋರಾಗಿ ಎಳೆದರೆ ಹಿಂದಿನ ಚಕ್ರಗಳು ದಡದಡ ಕುಣಿಯುತ್ತವೆ. ದಿನಾ ಆಫೀಸಿಗೂ ಇದೇ ಕಾರು, ಆಗಾಗ ಟ್ರ್ಯಾಕ್‌ಗೂ. ಲೋವರ್ ಆರ್ಮ್‌ಗೆ (ಆಕ್ಸಲನ್ನು ಬಾಡಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್) ಪಾಲಿ ಬುಷ್ (ಗಟ್ಟಿ ಪಾಲಿಯುರೆಥೇನ್ ಬುಷ್) ಸಾಕಾ, ಸ್ಫೆರಿಕಲ್ ಬೇರಿಂಗೇ (ಎಲ್ಲ ಕಡೆಗೂ ವಾಲುವ ಗುಂಡು ಕೀಲು) ಬೇಕಾ?

ಉತ್ತರ 1:
ಎರಡೂ ತುದಿಗೆ ಪಾಲಿ ಬೇಡ ಗುರು. ಈ ಕಾರಿನ ಹಿಂದೆ ಇರೋದು ಎರಡೂ ಚಕ್ರ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ತಿರುವಿನಲ್ಲಿ ಬಾಡಿ ವಾಲಿದಾಗ ಆರ್ಮ್ ಸ್ವಲ್ಪ ತಿರುಚಿಕೊಳ್ಳಲೇಬೇಕು, ಪಾಲಿ ಅದಕ್ಕೆ ಬಿಡದೆ ಬಿಗಿ ಹಿಡಿಯುತ್ತೆ. ಒಂದು ತುದಿಗೆ ಪಾಲಿ, ಇನ್ನೊಂದಕ್ಕೆ ಸ್ಫೆರಿಕಲ್ ಹಾಕಿಸಿ. ಎರಡೂ ಕಡೆ ಸ್ಫೆರಿಕಲ್ ಆದರೆ ಒಳಗೆ ಸದ್ದು ಜಾಸ್ತಿ, ಧೂಳು ನೀರಿಗೆ ಬೇಗ ಸವೆಯುತ್ತೆ ಕೂಡ.

ಉತ್ತರ 2:
ಬರೀ ಆರ್ಮ್ ಬದಲಾಯಿಸಿದರೆ ಅರ್ಧ ಕೆಲಸ ಅಷ್ಟೇ. ಕಾರು ಇಳಿದಾಗ ಆರ್ಮ್‌ನ ಹಿಂದಿನ ತುದಿ ಮೇಲೇರಿ ಕೋನ ಕೆಡುತ್ತೆ, ಹಿಡಿತ ಹೋಗೋದು ಅದಕ್ಕೂ ಹೌದು. ಆಕ್ಸಲ್ ಕಡೆ ರಿಲೊಕೇಶನ್ ಬ್ರಾಕೆಟ್ ಹಾಕಿಸಿ ಆ ತುದಿಯನ್ನು ಕೆಳಗಿಳಿಸಿ.

ಉತ್ತರ 3:
ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಬಾಡಿಗೆ ಹಿಡಿದಿಡುವ ಅಡ್ಡ ರಾಡ್) ಮರೀಬೇಡಿ! ಅದರ ಉದ್ದ ಬದಲಾಗಲ್ಲ, ಹಾಗಾಗಿ ಕಾರು ಇಳಿದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತೆ. ಫೆಂಡರ್‌ನಿಂದ ತೂಕದ ದಾರ ಇಳಿಬಿಟ್ಟು ಎರಡೂ ಟೈರಿಗೆ ಅಂತರ ಅಳೆಯಿರಿ. ವ್ಯತ್ಯಾಸ ಇದ್ದರೆ ಅಡ್ಜಸ್ಟ್ ಆಗುವ ರಾಡ್ ತಗೊಳ್ಳಿ.