ಮಳೆಗಾಲದಲ್ಲೂ ಕೈಕೊಡದ ವಿಡಿಯೊ ಕಾಲ್ ಯಾವುದು? ನಾಲ್ಕು ಜನರ ಕಾಫಿ ವ್ಯಾಪಾರಕ್ಕೆ ಬೇಕು

ನಾಪೋಕ್ಲು ಕಾಫಿ
ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಸಣ್ಣ ವ್ಯಾಪಾರ. ನಾನು, ಮೈದುನ, ಕೆಲಸಕ್ಕೆ ಇಬ್ಬರು ಹುಡುಗಿಯರು. ತೋಟದ ಕಾಫಿ ಹುರಿದು ಪುಡಿ ಮಾಡಿ ಕಳಿಸುತ್ತೇವೆ. ಜೊತೆಗೆ ಕರಿಮೆಣಸು, ಒಂದಿಷ್ಟು ಜೇನು. ಬೆಂಗಳೂರಿನ ಕೆಫೆಯವರು ಹುರಿಯದ ಬೀಜ ಕೇಳುತ್ತಾರೆ, ಅದನ್ನು ಮೊದಲು ವಿಡಿಯೊದಲ್ಲಿ ನೋಡಬೇಕು ಅಂತಾರೆ. ಇಷ್ಟು ದಿನ ಸ್ಕೈಪ್ ಇತ್ತು. 2025ರ ಮೇನಲ್ಲಿ ಅದು ನಿಂತೇ ಹೋಯಿತು. ಈಗ ಮೈದುನ ಝೂಮ್ ಅಂತಾನೆ, ಲೆಕ್ಕ ನೋಡುವವರು ಟೀಮ್ಸ್ ಅಂತಾರೆ.

ಹೋದ ಜುಲೈನ ಕತೆ ಕೇಳಿ. ಗೋದಾಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂತಿದ್ದೆ. ಮೇಲೆ ಶೀಟಿನ ಮಾಡು, ಹೊರಗೆ ಜಡಿಮಳೆ. ಆ ಕಡೆಯವರು "ಏನು ಮೇಡಂ, ಈಗಲೇ ಹುರೀತಿದ್ದೀರಾ?" ಅಂದರು! ಅಷ್ಟು ಸಾಲದು ಅಂತ, ಅಂಗೈಯಲ್ಲಿ ಬೀಜ ಹಿಡಿದು ತೋರಿಸಿದರೆ ಹಳದಿ ಬಲ್ಬಿಗೆ ಎಲ್ಲಾ ಹಳದಿ. ಜನವರಿಯಲ್ಲಿ ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟು ಅದು, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ. ಬೀಜ ಒಳ್ಳೆ ನೀಲಿ ಕಲೆತ ಹಸಿರು ಇತ್ತು. "ಹಳೇ ಮಾಲು ಅಲ್ವಾ?" ಅಂದುಬಿಟ್ಟರು. ನಾನು ಉತ್ತರ ಕೊಡುವಷ್ಟರಲ್ಲಿ ಕರೆಂಟು ಹೋಯಿತು.

ಯಾವ ಸಾಫ್ಟ್‌ವೇರ್, ಯಾವ ಕ್ಯಾಮೆರಾ ತಗೊಳ್ಳಲಿ? ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಮನಸ್ಸಿಲ್ಲ.

ಸೋಮವಾರಪೇಟೆ ಕಂಪ್ಯೂಟರ್ ರಿಪೇರಿ
ಅಕ್ಕ, ಸಾಫ್ಟ್‌ವೇರ್ ಆಮೇಲೆ. ಮೊದಲು ರೌಟರಿಗೆ ಒಂದು ಮಿನಿ ಯುಪಿಎಸ್ ಹಾಕಿಸಿ, ಕರೆಂಟು ಹೋದಾಗ ರೌಟರ್ ನಡೆಸುವ ಸಣ್ಣ ಬ್ಯಾಟರಿ ಅದು. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆ ನೋಡಿಕೊಂಡೇ ತಗೊಳ್ಳಿ. ಗುಡುಗು ಶುರುವಾದರೆ ಮಾತ್ರ ಎಲ್ಲದರ ಪ್ಲಗ್ ಕಿತ್ತುಬಿಡಿ. ಪ್ರತಿ ಮಳೆಗಾಲ ಸುಟ್ಟ ರೌಟರುಗಳು ನನ್ನ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ.

ಝೂಮ್ ಫ್ರೀ ಅಕೌಂಟಿನಲ್ಲಿ ಇಬ್ಬರೇ ಇದ್ದರೂ 40 ನಿಮಿಷ. ಗೂಗಲ್ ಮೀಟ್‌ನಲ್ಲಿ ಇಬ್ಬರಿಗೆ 24 ಗಂಟೆ, ಮೂರು ಜನ ಆದರೆ 60 ನಿಮಿಷ. ಟೀಮ್ಸ್ ಫ್ರೀಯಲ್ಲೂ ಗುಂಪಿಗೆ 60. ನಿಮ್ಮದು ಒಬ್ಬೊಬ್ಬರ ಜೊತೆ ಮಾತು, ಹಾಗಾಗಿ ಮೀಟ್ ಸಾಕು.

ಝೂಮ್‌ನಲ್ಲಿ ಇಬ್ಬರ ನಡುವೆ ಚೆನ್ನಾಗಿ ಕಾಣಬೇಕಾದರೆ ಹೋಗೋಕೂ ಬರೋಕೂ ಸುಮಾರು 600 ಕೆಬಿಪಿಎಸ್ ನೆಟ್ ಸ್ಪೀಡ್ ಬೇಕು. ಬರೀ ಮಾತಿಗೆ 100 ಇದ್ದರೆ ನಡೆಯುತ್ತೆ. ಲೈನ್ ಎಳೆದಾಡಿದರೆ ನಿಮ್ಮ ಮುಖ ಆಫ್ ಮಾಡಿ, ಬೀಜ ತೋರಿಸುವಾಗ ಮಾತ್ರ ಹಾಕಿ.

ವೆಬ್‌ಕ್ಯಾಮ್ ಬಗ್ಗೆ: ಲಾಜಿಟೆಕ್ ಸಿ270 ಮುಖಕ್ಕೆ ಸಾಕು, ಬೀಜಕ್ಕೆ ಆಗಲ್ಲ. ಅದರ ಫೋಕಸ್ ಬದಲಾಗಲ್ಲ, ಹತ್ತಿರ ಹಿಡಿದರೆ ಮಬ್ಬು. ಸಿ920ಕ್ಕೆ ಆಟೋಫೋಕಸ್ ಇದೆ. ಆದರೆ ಸುಮ್ನೆ ದುಡ್ಡು ಯಾಕೆ? ಅದೇ ಮೀಟಿಂಗಿಗೆ ಮೊಬೈಲಿಂದಲೂ ಸೇರಿ, ಹಿಂದಿನ ಕ್ಯಾಮೆರಾ ಹಾಕಿ. ಮೊಬೈಲಿನ ಮೈಕು, ಸ್ಪೀಕರು ಎರಡೂ ಬಂದ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಕೀಂಯ್ ಅಂತ ಕೂಗುತ್ತೆ.

ಅಮ್ಮತ್ತಿಯವ, ಈಗ ಬೆಂಗಳೂರು
ನಾನು ಕೊಳ್ಳುವ ಕಡೆಯವನು. ಲಿಂಕ್ ಒತ್ತಿದರೆ ತೆರೆಯಬೇಕು, ಅಷ್ಟೇ. ಝೂಮ್ ಬ್ರೌಸರಿನಲ್ಲೂ ಬರುತ್ತೆ. ಜಿಟ್ಸಿ ಅಂತ ಒಂದಿದೆ, ಅದರಲ್ಲಿ ಕರೆಯುವವರು ಲಾಗಿನ್ ಆದರೆ ಸಾಕು, ಬರುವವರಿಗೆ ಅಕೌಂಟೇ ಬೇಡ.

ಬೀಜವನ್ನು ಬಿಳಿ ತಟ್ಟೆಯಲ್ಲಿ ಹರಡಿ, ಕಿಟಕಿ ಪಕ್ಕ ಇಡಿ. ಬಲ್ಬ್ ಆರಿಸಿ. ತಟ್ಟೆ ಬಿಳಿಯಾಗಿ ಕಂಡರೆ ಬೀಜದ ಬಣ್ಣ ನಂಬುತ್ತೇನೆ, ತಟ್ಟೆಯೇ ಹಳದಿ ಕಂಡರೆ ಬಲ್ಬಿನ ತಪ್ಪು ಅಂತ ಗೊತ್ತಾಗುತ್ತೆ. ಆಮೇಲೆ ತೇವಾಂಶದ ಮೀಟರ್ ಕ್ಯಾಮೆರಾ ಎದುರೇ ಹಾಕಿ ತೋರಿಸಿ. 10ರಿಂದ 12 ಪರ್ಸೆಂಟ್ ಒಳಗಿದ್ದರೆ ಮುಂದಿನ ಮಾತು. ರೇಟು ಹೇಗೂ ಸ್ಯಾಂಪಲ್ ಕುಡಿದ ಮೇಲೇನೇ.

ಕಕ್ಕಬ್ಬೆ ಹೋಂಸ್ಟೇ
ಇಷ್ಟೆಲ್ಲ ಯಾಕೆ? ವಾಟ್ಸಾಪ್‌ನಲ್ಲೇ 32 ಜನ ಸೇರಬಹುದು, ಸ್ಕ್ರೀನೂ ತೋರಿಸಬಹುದು. ನಮ್ಮ ಗೆಸ್ಟುಗಳಿಗೆ ರೂಮು ತೋರಿಸೋದು ಅದರಲ್ಲೇ.

ನಾಪೋಕ್ಲು ಕಾಫಿ
ವಾಟ್ಸಾಪ್ ನನಗೂ ಇಷ್ಟವೇ. ಆದರೆ ಆ ನಂಬರಿಗೆ ಒಂದು ಸಲ ಫೋನ್ ಮಾಡಿದವರು ರಾತ್ರಿ ಹತ್ತಕ್ಕೂ ಮೆಣಸಿನ ರೇಟು ಕೇಳುತ್ತಾರೆ.

ನಿನ್ನೆ ಮೀಟ್‌ನಲ್ಲಿ ಮಾಡಿ ನೋಡಿದೆ. ಗೋದಾಮು ಬಿಟ್ಟು ಹಳೇ ಮನೆಯ ಜಗಲಿಗೆ ಬಂದೆ, ಅಲ್ಲಿ ಹೆಂಚಿನ ಮಾಡು, ಮಳೆ ಸದ್ದು ಕಮ್ಮಿ. ಮೊಬೈಲನ್ನು ಅಕ್ಕಿ ಅಳೆಯುವ ಎರಡು ಸೇರುಗಳ ಮೇಲೆ ಅಡ್ಡ ಮಲಗಿಸಿ, ಕೆಳಗೆ ಊಟದ ಪಿಂಗಾಣಿ ತಟ್ಟೆ ಇಟ್ಟೆ. ಬೀಜದ ನಡುವಿನ ಗೆರೆ ಕೂಡ ಕಾಣುತ್ತಿತ್ತಂತೆ. ತೂತು ಬಿದ್ದ ಒಂದು ಬೀಜವೂ ಕಂಡಿತು, ಅದನ್ನು ಅವರೇ ತೋರಿಸಿ ನಕ್ಕರು! ಅರ್ಧ ಕಿಲೋ ಸ್ಯಾಂಪಲ್ ಕಳಿಸಿ ಅಂದಿದ್ದಾರೆ.

ಝೂಮ್‌ನ ಆಡಿಯೊ ಸೆಟ್ಟಿಂಗಿನಲ್ಲಿ ಹಿನ್ನೆಲೆ ಸದ್ದು ತಗ್ಗಿಸೋದನ್ನು 'ಹೈ' ಮಾಡಿಯೂ ನೋಡಿದೆವು. ಮಳೆ ಸದ್ದು ಹೋಯಿತು. ಮೈದುನ ಕಾಫಿ ಸೊರ್ ಅಂತ ಹೀರಿದ ಸದ್ದೂ ಹೋಯಿತು.

ಮಿನಿ ಯುಪಿಎಸ್ ಮಡಿಕೇರಿಯಲ್ಲೇ ಸಿಗುತ್ತಾ ಅಣ್ಣ, ಅಥವಾ ಕುಶಾಲನಗರಕ್ಕೆ ಹೋಗಬೇಕಾ? ನಮ್ಮ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದೆ.